ಮುಂದಿನ ಸೀಟು

"ಎದ್ದೇಳ್ಲಾ! ಸೀಟಿಂದ ಎದ್ದೇಳ್ಲಾ ಬೋಳಿಮಗನೆ! ಅಲ್ಲಿ ಕುಂತ್ಕ ಅಂತ ಯಾವನ್ಲಾ ನಿಂಗೇಳ್ದೋನು?"

ಶಶಿಕುಮಾರ ಇನ್ನೂ ಪೂರ್ತಿ ಕೂತಿರಲೂ ಇಲ್ಲ. ಒಂದು ಕಾಲು ಕಾರಿನೊಳಗೆ, ಇನ್ನೊಂದು ಹೊರಗೆ, ಬಾಯಲ್ಲಿ ಟಾರ್ಚು. ಪಟೇಲ್ ತಿಮ್ಮಪ್ಪನವರ ಕೂಗಿಗೆ ಟಾರ್ಚು ಜಾರಿ ಕೆಳಗೆ ಬಿತ್ತು. ನಾನು ಪಕ್ಕದಲ್ಲೇ ಹಳೇ ಜೀಪೊಂದರ ಬಾಗಿಲು ಬಡಿದು ನೇರ ಮಾಡುತ್ತಿದ್ದೆ. ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು.

"ಡ್ಯಾಶ್‌ಬೋರ್ಡ್ ಬಿಚ್ಬೇಕು ಸಾ. ಕುಂತ್ಕಳ್ದೆ ಎಂಗ್ ಬಿಚ್ಲಿ?"

"ಎಂಗಾರ ಬಿಚ್ಚು. ನಿಂತ್ಕಂಡ್ ಬಿಚ್ಚು, ಬಗ್ಗಿ ಬಿಚ್ಚು. ಸೀಟು ಕೊಳೆ ಆಯ್ತದೆ."

ಶಶಿ ತನ್ನ ಪ್ಯಾಂಟನ್ನು ಹಿಂದೆ ಮುಂದೆ ತಿರುಗಿ ನೋಡಿಕೊಂಡ. ಅವನು ನಮ್ಮ ಶೆಡ್ಡಿನ ಶೋಕಿಗಾರ. ವೈರಿಂಗ್ ಕೆಲಸದವನು, ಮೈಗೆ ಗ್ರೀಸ್ ಅಂಟುವುದೇ ಕಡಿಮೆ. ಆವತ್ತಂತೂ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದ.

ಅಷ್ಟರಲ್ಲಿ ಶೆಡ್ಡಿನ ಯಜಮಾನ ರಂಗಸ್ವಾಮಿ ಒಂದು ಲಾರಿಯ ಅಡಿಯಿಂದ ತೆವಳಿ ಎದ್ದು ಓಡಿಬಂದ. ತಲೆಯಿಂದ ಕಾಲಿನವರೆಗೂ ಆಯಿಲ್. "ಬುಡಿ ಮಾವ, ನಾನ್ ನೋಡ್ತೀನಿ" ಅನ್ನುತ್ತಾ ಆ ಸೀಟಿನ ಮೇಲೆ ದೊಪ್ಪೆಂದು ಕೂತುಬಿಟ್ಟ. ಪಟೇಲರು "ನೋಡಪ್ಪ ರಂಗ" ಅಂದರು, ಅಷ್ಟೆ. ರಂಗಸ್ವಾಮಿ ಎದ್ದಾಗ ಸೀಟಿನ ಮೇಲೆ ಅಂಗೈಯಗಲ ಕಪ್ಪು ಕಲೆ ಕೂತಿತ್ತು. ಅದು ಕೊಳೆ ಅಲ್ಲ.

ರಂಗಸ್ವಾಮಿಗೆ ಪಟೇಲರು ದೂರದ ಸಂಬಂಧದಲ್ಲಿ ಮಾವ. ಹೊಳೆನರಸೀಪುರದ ಹೊರವಲಯದಲ್ಲಿ ನಮ್ಮ ಶೆಡ್ಡು ನಿಂತಿರುವ ಜಾಗವೂ ಪಟೇಲರದೇ. ಶಶಿ, ನಾನು, ಕಾರು ತೊಳೆಯುವ ನೀಲಗಂಗಮ್ಮ ಮೂವರೂ ಪಟೇಲರ ಊರಿನವರೇ, ಆದರೆ ಕೇರಿಯವರು.

ಪಟೇಲರೇ ಮುಂದುವರಿಸಿದರು. "ಮಡಿ ಮೈಲಿಗೆ ಅಂತ ನಾನೇನ್ ಅಂದಿಲ್ಲ ಕಣ್ರಪ್ಪ, ಆಮ್ಯಾಕೆ ಕೇಸ್ಗೀಸ್ ಅಂತ ಓಡೀರಿ. ಸೀಟ್ ಕೊಳೆ ಆಯ್ತದೆ ಅಂದೆ. ನಾಳೀಕೆ ಬೆಳಗಾಗೆದ್ದು ಹಾಸನದ ಆಸ್ಪತ್ರೆಯಿಂದ ನನ್ ಮಗಳು ರೂಪಶ್ರೀನೂ ಕೂಸ್ನೂ ಕರ್ಕಂಬರ್ಬೇಕು. ಬಾಣಂತಿ ಕುಂತ್ಕಳೋ ಕಾರು. ಆ ಏರ್‌ಬ್ಯಾಗಿನ ಕೆಂಪು ಲೈಟು ಆರ್ಬೇಕು, ಸುಮ್ಕೆ ಬಲ್ಬ್ ಕಿತ್ತಾಕದಲ್ಲ, ಸರ್ಯಾಗಿ ರಿಪೇರಿ ಆಗ್ಬೇಕು. ತಿಳೀತಾ?"

ಹೇಳಿ, ಪಂಚೆಯ ಚುಂಗು ಹಿಡಿದುಕೊಂಡು ತೆಂಗಿನಕಾಯಿ ಮಂಡಿಯ ಕಡೆ ಹೊರಟುಹೋದರು.

ರಂಗಸ್ವಾಮಿ ಮತ್ತೆ ಸೀಟಿನಲ್ಲಿ ಕೂತು, ಏರ್‌ಬ್ಯಾಗ್ ಇರುವ ಸ್ಟೀರಿಂಗಿನ ನಡುಭಾಗಕ್ಕೆ ಸ್ಕ್ರೂಡ್ರೈವರ್ ಹಾಕಲು ಹೋದ.

"ರಂಗಣ್ಣೋ, ತಡೀರಿ! ಮೊದ್ಲು ಬ್ಯಾಟರಿ ಬಿಚ್ಬೇಕು. ಅದ್ರೊಳಗೆ ಮದ್ದದೆ. ನಿಮ್ ಮೊಕಕ್ಕೇ ಹೊಡೆದ್ರೆ ಮೂಗು ಬೆನ್ನಿಗ್ ಬತ್ತದೆ" ಅಂದ ಶಶಿ.

ರಂಗಸ್ವಾಮಿ ಕಾರಿನಿಂದ ಹೊರಗೆ ಹಾರಿದ ರಭಸಕ್ಕೆ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. "ಲೇ, ಎಂಜಿನ್ ಕೊಡು, ಗೇರ್‌ಬಾಕ್ಸ್ ಕೊಡು, ಬಿಚ್ತೀನಿ. ಈ ಪಟಾಕಿ ಸವಾಸ ನಂಗ್ ಬ್ಯಾಡ. ನೀನೇ ಏನಾರ ಮಾಡ್ಕ. ಆದ್ರೆ ಆ ಸೀಟ್ ಮ್ಯಾಲೆ ಮಾತ್ರ ಕುಂತ್ಕಬ್ಯಾಡ ಕಣ್ಲಾ, ನಿನ್ ದಮ್ಮಯ್ಯ. ಮಾವ ಶೆಡ್ ಖಾಲಿ ಮಾಡುಸ್ತಾರೆ."

ಶಶಿ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟುಕೊಂಡು ಸೀಟನ್ನೇ ನೋಡಿದ. ಆಮೇಲೆ ಅವನ ಮುಖದಲ್ಲಿ ಒಂದು ನಗು ಮೂಡಿತು. ಆ ನಗು ನನಗೆ ಗೊತ್ತು. ಸ್ಕೂಲಿನಲ್ಲಿ ಮೇಷ್ಟ್ರ ಸೈಕಲ್ಲನ್ನು ಬಿಡಿಬಿಡಿ ಮಾಡಿ ಗೋಡೆಗೆ ಒರಗಿಸಿಟ್ಟ ದಿನವೂ ಹೀಗೇ ನಕ್ಕಿದ್ದ.

"ಹುಚ್ಚಯ್ಯಣ್ಣೋ, ದೊಡ್ಡ ಸ್ಪ್ಯಾನರ್ ತತ್ತಾ" ಅಂತ ನನ್ನನ್ನು ಕೂಗಿದ.

ಬ್ಯಾಟರಿಯ ತಂತಿ ಬಿಚ್ಚಿದ. ಒಳಗೆ ಉಳಿದ ಕರೆಂಟು ಇಳಿಯಲಿ ಅಂತ ನಾವೆಲ್ಲ ಟೀ ಕುಡಿದೆವು. ಕುಡಿದ ಮೇಲೆ ಶಶಿ ಬಾಗಿಲ ಹೊರಗೇ ಮಂಡಿಯೂರಿ, ಸೀಟಿನ ಬುಡದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಅಡಿಯಲ್ಲಿದ್ದ ಹಳದಿ ವೈರನ್ನು ಜೋಪಾನವಾಗಿ ಬಿಡಿಸಿದ. ನಾನೂ ಅವನೂ ಸೇರಿ ಮುಂದಿನ ಎರಡು ಸೀಟನ್ನೂ ಹೊರಗೆ ಎತ್ತಿ ತಂದು ಹೊಂಗೆ ಮರದ ನೆರಳಿಗೆ ಇಟ್ಟೆವು.

"ಈಗ ಸೀಟ್ ಮ್ಯಾಲೆ ನಾನ್ ಕುಂತಿಲ್ಲ ತಾನೆ?" ಅನ್ನುತ್ತಾ ಶಶಿ ಕಾರಿನ ಬರಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಸ್ಟೀರಿಂಗಿನ ಏರ್‌ಬ್ಯಾಗನ್ನು ಹೊರಗೆ ತೆಗೆದಾಗ ಅವನು ನಗುತ್ತಿರಲಿಲ್ಲ. ಹಾವು ಹಿಡಿದವನ ಹಾಗೆ, ಅದರ ಮುಖ ತನ್ನ ಎದೆಯ ಕಡೆ ಬಾರದಂತೆ ಹಿಡಿದುಕೊಂಡು ಮೆಲ್ಲಗೆ ನಡೆದ. ಶೆಡ್ಡಿನ ಮೂಲೆಯ ಮೇಜಿನ ಮೇಲೆ ಮುಚ್ಚಳ ಮೇಲಾಗಿ ಇಟ್ಟ. ಎಡಗಡೆಯ ದೊಡ್ಡದನ್ನೂ ಹಾಗೇ ತಂದಿಟ್ಟ.

"ಬೋರಲು ಇಡಬ್ಯಾಡಿ. ಸಿಡಿದ್ರೆ ಇಡೀ ಡಬ್ಬಿನೇ ಸೂರಿಗೆ ಹಾರ್ತದೆ. ಈ ಕಡೆ ಬೀಡಿ ಹಚ್ಕಂಡು ಯಾವನೂ ಬರಬ್ಯಾಡಿ" ಅಂದ.

ಡ್ಯಾಶ್‌ಬೋರ್ಡ್ ಕಳಚಿ ಹೊರಗೆ ಬಂದಾಗ ನೀಲಗಂಗಮ್ಮ ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ನೋಡಿದಳು. ಒಳಗೆ ಒಂದು ಇಲಿಗೂಡು. ತೆಂಗಿನ ನಾರು, ಪಟೇಲರ ಎಲೆಅಡಿಕೆ ಚೀಲದ ಚೂರು, ಕಡಿದು ಹಾಕಿದ ವೈರು, ಒಂದು ರಾಶಿ ಹಿಕ್ಕೆ.

"ಅಲ್ನೋಡ್ರಪ್ಪ! ಇಲಿ ಸಂಸಾರ ಇಲ್ಲೇ ಉಚ್ಚೆ ಉಯ್ಕಂಡು, ಬಸುರಿ ಬಾಣಂತನ ಎಲ್ಲಾನೂ ಮುಗುಸ್ಕಂಡದೆ. ಅದ್ಕೆ ಯಾರೂ ಎದ್ದೇಳ್ಲಾ ಬೋಳಿಮಗನೆ ಅನ್ಲಿಲ್ಲ ನೋಡು" ಅಂದಳು. ಲಾರಿಯ ಅಡಿಯಿಂದ ರಂಗಸ್ವಾಮಿ ಕಿಸಕ್ಕೆಂದು ನಕ್ಕಿದ್ದು ನಮಗೆಲ್ಲ ಕೇಳಿಸಿತು.

ಮಧ್ಯಾಹ್ನ ಊಟದ ಹೊತ್ತಿಗೆ ನೀಲಗಂಗಮ್ಮ ಬುತ್ತಿ ಹಿಡಿದುಕೊಂಡು ಹೊಂಗೆ ಮರದ ಕೆಳಗೆ ಬಂದಳು. ದಿನವೂ ಕೂರುವ ಕಲ್ಲಿನ ಪಕ್ಕದಲ್ಲೇ ಆ ಎರಡು ಸೀಟು. ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಕಲ್ಲಿಗೆ ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಮುದ್ದೆ ಮುರಿದಳು.

"ಮೆತ್ತಗದೆ ಕಣ್ಲಾ ಹುಚ್ಚಯ್ಯ, ಒಳ್ಳೆ ಬೆಣ್ಣೆ ಮ್ಯಾಲೆ ಕುಂತಂಗದೆ. ಬಾ, ನೀನೂ ಕುಂತ್ಕ."

ನಾನು ಇನ್ನೊಂದರಲ್ಲಿ ಕೂತೆ. ಪಕ್ಕದ ಹಿಡಿ ಎಳೆದೆ, ಸೀಟು ಹಿಂದಕ್ಕೆ ಮಲಗಿತು, ಅದರ ಜೊತೆ ನಾನೂ ಮಲಗಿದೆ. ನೀಲಗಂಗಮ್ಮ ಸಾರು ನೆತ್ತಿಗೇರುವಷ್ಟು ನಕ್ಕಳು. ಶಶಿ ಬಂದ, ಪೇಂಟು ಹೊಡೆಯುವವರು ಬಂದರು. ಸರದಿಯಲ್ಲಿ ಎಲ್ಲರೂ ಕೂತು ಎದ್ದೆವು. ಜಾತ್ರೆಯ ತೊಟ್ಟಿಲಿಗೂ ಇಷ್ಟು ನೂಕುನುಗ್ಗಲು ಇರುವುದಿಲ್ಲ.

ಅದೇ ಹೊತ್ತಿಗೆ ಪಟೇಲರು ಬಂದರು.

"ಲೇ ಸೂಳೆಮಕ್ಳಾ!" ಕೈಯಲ್ಲಿದ್ದ ಕೊಡೆ ಎತ್ತಿಕೊಂಡೇ ಬಂದರು. "ನೀಲೀ, ಮುಂಡೇದೆ, ಏಳೇ ಮ್ಯಾಕೆ! ನಮ್ ತ್ವಾಟದಾಗೆ ಗರಿ ಎಳ್ಕಂಡ್ ಬಿದ್ದಿದ್ದೋಳು, ನನ್ ಸೀಟ್ ಮ್ಯಾಲೆ ಕುಂತ್ಕಂಡ್ ಮುದ್ದೆ ತಿಂತೀಯೇನೆ?"

ಉಳಿದವರೆಲ್ಲ ದೂರ ಸರಿದರು. ನೀಲಗಂಗಮ್ಮ ಮಾತ್ರ ಏಳಲಿಲ್ಲ. ಬಾಯಲ್ಲಿದ್ದ ತುತ್ತು ನುಂಗಿ ಹೇಳಿದಳು:

"ಕಾರ್‌ನಾಗ್ ಕುಂತ್ಕಬ್ಯಾಡಿ ಅಂದ್ರಿ, ಕುಂತ್ಕಂಡಿಲ್ಲ. ಇದು ಕಾರಲ್ಲ ಬುದ್ಧಿ, ಹೊಂಗೆಮರದ ನೆಳ್ಳು."

ಪಟೇಲರ ಕೊಡೆ ಗಾಳಿಯಲ್ಲೇ ಅಲುಗಾಡಿತು. ನಾನು ಸುತ್ತಿಗೆ ಹಿಡಿದು ಅವಳ ಪಕ್ಕ ಹೋಗಿ ನಿಂತೆ. ಹೊಡೆಯಬೇಕು ಅಂತಲ್ಲ, ಕೈಯಲ್ಲಿ ಅದು ಇತ್ತು, ಅಷ್ಟೆ. ಪಟೇಲರು ಸುತ್ತಿಗೆ ನೋಡಿದರು, ನನ್ನ ಮುಖ ನೋಡಿದರು, ಕೊಡೆ ಇಳಿಸಿದರು.

"ರಂಗಾ! ಈಗ್ಲೇ ಕಾರ್ ಜೋಡ್ಸಿ ಕೊಡ್ಬೇಕು. ಇಲ್ದಿದ್ರೆ ಜೇಸಿಬಿ ತರ್ಸಿ ನಿನ್ ಶೆಡ್ನ ನೆಲಸಮ ಮಾಡುಸ್ತೀನಿ, ನೋಡ್ತಿರು!"

ರಂಗಸ್ವಾಮಿ ಶಶಿಯ ಮುಖ ನೋಡಿದ. ಶಶಿ ಸ್ಪ್ಯಾನರನ್ನು ಕೆಳಗಿಟ್ಟು, ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಜೋಡುಸ್ತೀನಿ ಸಾ. ವೈರೆಲ್ಲ ಹೊಸದು ಹಾಕಿದೀನಿ. ಆದ್ರೆ ಸೀಟು ಮೊದ್ಲು ಒಳೀಕ್ ಹಾಕಿ, ಅದ್ರ ಮ್ಯಾಲೆ ಕುಂತ್ಕಂಡೇ ಜೋಡುಸ್ತೀನಿ. ನೆಲದಾಗ್ ಕುಂತ್ಕಂಡ್ ಸೊಂಟ ಬಿದ್ದೋಯ್ತು."

"ಕುಂತ್ಕಬ್ಯಾಡ ಅಂದ್ರೆ?"

"ಕಾರು ಹಿಂಗೇ ಇರ್ತದೆ. ಬ್ಯಾರೆ ಯಾರನ್ನಾರ ಕರ್ಕಂಬನ್ನಿ. ಅವ್ರೂ ಕುಂತ್ಕಂಡೇ ಮಾಡ್ಬೇಕು. ಅವ್ರು ಯಾವ ಜನ ಅಂತ ಕೇಳ್ಕಂಡು ಕುಂಡ್ರುಸ್ಕಳಿ."

ಪಟೇಲರು ಕಾರಿನ ಕಡೆ ನೋಡಿದರು. ಹಲ್ಲು ಕಿತ್ತ ಬಾಯಿಯ ಹಾಗೆ ಬೊಚ್ಚಾಗಿ ನಿಂತಿತ್ತು. ವೈರುಗಳು ಕರುಳಿನಂತೆ ಜೋತುಬಿದ್ದಿದ್ದವು. ಆಗಲೇ ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. "ಊಂ ಮಗ… ಆಯ್ತದೆ ಕಣವ್ವ… ರೆಡಿ ಆಯ್ತದೆ. ಕೂಸು ಹಾಲು ಕುಡೀತಾ?" ಮಗಳ ಜೊತೆ ಮಾತಾಡುವಾಗ ಅವರ ದನಿ ಬೇರೆಯೇ ಇತ್ತು. ಫೋನು ಇಟ್ಟು, ಯಾರ ಮುಖವನ್ನೂ ನೋಡದೆ, ರಸ್ತೆಯ ಕಡೆ ತಿರುಗಿಕೊಂಡರು.

"ಏನಾರ ಮಾಡ್ಕಂಡ್ ಸಾಯ್ರಿ."

ಶಶಿ ಸೀಟು ಕೂರಿಸಿದ. ಅದರ ಮೇಲೆ ಬೆನ್ನು ಆನಿಸಿ, ಕಾಲು ಚಾಚಿ, ಒಂದು ನಿಮಿಷ ಏನೂ ಮಾಡದೆ ಸುಮ್ಮನೆ ಕೂತ. ಆಮೇಲೆ ಕೆಲಸ ಶುರು ಮಾಡಿದ. ಡ್ಯಾಶ್‌ಬೋರ್ಡು, ಏರ್‌ಬ್ಯಾಗುಗಳು, ಕೊನೆಗೆ ಬ್ಯಾಟರಿ. ಕೀ ತಿರುಗಿಸಿದಾಗ ಕೆಂಪು ದೀಪ ಹೊತ್ತಿ, ಸ್ವಲ್ಪ ಹೊತ್ತಿಗೆ ಆರಿತು.

"ಡ್ರೈವರ್ ಕಡೇದು ಸರಿಯಾಯ್ತು. ಎಡಗಡೆ ಸೀಟ್ನಾಗೆ ಜನ ಕುಂತಿದ್ರೇನೇ ಆ ಕಡೆ ಏರ್‌ಬ್ಯಾಗ್ ಎಚ್ಚರಾಗೋದು. ಯಾರಾರ ಕುಂತ್ಕಬೇಕು. ಅಂಗೇ ಒಂದು ರೌಂಡ್ ಓಗಿ ನೋಡ್ಬೇಕು" ಅಂದ ಶಶಿ. "ಸಾ, ನೀವೇ ಬನ್ನಿ."

ಪಟೇಲರು ಒಂದು ಹೆಜ್ಜೆ ಹಿಂದೆ ಸರಿದರು. "ನಾನಾ? ಈಗ್ತಾನೆ ಜೋಡ್ಸಿದೀಯ, ಮದ್ದದೆ ಅಂತೀಯ. ಮೊಕಕ್ಕೇ ಹೊಡೆದ್ರೆ? ರಂಗ ಕುಂತ್ಕತಾನೆ."

"ನಂಗೆ ಸೊಂಟ ನೋವು ಮಾವ" ಅಂದ ರಂಗಸ್ವಾಮಿ, ಹಣೆಯ ಮೇಲಿನ ಬುಗುಟು ಸವರಿಕೊಳ್ಳುತ್ತಾ.

ಪಟೇಲರ ಕಣ್ಣು ಸುತ್ತ ಹುಡುಕಿ, ಕೊನೆಗೆ ಬಕೆಟ್ಟು ಹಿಡಿದು ನಿಂತಿದ್ದವಳ ಮೇಲೆ ನಿಂತಿತು.

"ನೀಲಿ, ನೀನ್ ಓಗಿ ಕುಂತ್ಕ."

ನೀಲಗಂಗಮ್ಮ ಬಕೆಟ್ಟನ್ನು ಕೆಳಗಿಟ್ಟಳು.

"ಸಾಯೋ ಕೆಲ್ಸ ಅಂದ್ರೆ ಸೀಟು ಕೊಳೆ ಆಗಕಿಲ್ವಾ?"

ಪಟೇಲರು ಕೊಡೆಯ ತುದಿಯಿಂದ ನೆಲ ಕೆದಕಿದರು.

"ಕುಂತ್ಕತೀನಿ. ಆದ್ರೆ ನೀಲಿ ಅಲ್ಲ, ನೀಲಗಂಗಮ್ಮ. ಕುಂತ್ಕ ಅಲ್ಲ, ಕುಂತ್ಕಳವ್ವ. ಕರೀರಿ, ಬತ್ತೀನಿ."

ಪಟೇಲರು ಗಡಿಯಾರ ನೋಡಿಕೊಂಡರು. ರಸ್ತೆಯಲ್ಲಿ ಯಾರಾದರೂ ಇದ್ದಾರೆಯೇ ಅಂತ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಎಲೆಅಡಿಕೆ ಬಾಯಲ್ಲಿಟ್ಟುಕೊಂಡವರ ಹಾಗೆ ಗೊಣಗಿದರು.

"ಕೇಳುಸ್ಲಿಲ್ಲ" ಅಂದಳು.

"ನೀಲಗಂಗಮ್ಮ… ಕುಂತ್ಕಳವ್ವ!"

ಅವಳು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಮುಂದಿನ ಬಾಗಿಲು ತೆರೆದು ಕೂತಳು. ಕೂತ ಮೇಲೆ ಮೆಲ್ಲಗೆ, "ಹೊಡೀತದೇನ್ಲಾ ಮಗ?" ಅಂತ ಶಶಿಯನ್ನು ಕೇಳಿದಳು.

"ಇಲ್ಲ ಕಣ್ ದೊಡ್ಡವ್ವ. ನಾನ್ ಜೋಡ್ಸಿರೋದು. ಬೆಲ್ಟ್ ಹಾಕ್ಕ."

ಕಾರನ್ನು ನಮ್ಮ ಕೈಗೆ ಬಿಟ್ಟು ಕಳಿಸಲು ಪಟೇಲರಿಗೆ ಮನಸ್ಸು ಬರಲಿಲ್ಲ. ಹಿಂದಿನ ಸೀಟಿಗೆ ಹತ್ತಿದರು. ಡ್ಯಾಶ್‌ಬೋರ್ಡ್ ಕಿರುಗುಟ್ಟುತ್ತದೋ ಅಂತ ಕೇಳಲು ನನ್ನನ್ನೂ ಶಶಿ ಕರೆದ. ಪಟೇಲರ ಪಕ್ಕದಲ್ಲಿ ಕೂತೆ. ಅವರು ಪಂಚೆಯನ್ನು ತಮ್ಮ ಕಡೆ ಎಳೆದುಕೊಂಡು ಕಿಟಕಿಗೆ ಅಂಟಿಕೊಂಡರು. ನನಗೆ ಜಾಗ ಧಾರಾಳವಾಯಿತು.

ಬಸ್‌ಸ್ಟ್ಯಾಂಡ್ ದಾಟಿ, ಹೇಮಾವತಿಯ ಸೇತುವೆ ದಾಟಿ ಕಾರು ಓಡಿತು. ಕೆಂಪು ದೀಪ ಹೊತ್ತಲಿಲ್ಲ. "ಸಾಕು, ತಿರುಗ್ಸು" ಅಂದರು ಪಟೇಲರು.

"ಟಾರ್ ರೋಡ್ನಾಗೆ ಏನ್ ಗೊತ್ತಾಯ್ತದೆ ಸಾ? ಹಳ್ಳಕೊಳ್ಳದಾಗೆ ಅಲ್ಲಾಡ್ಸಿ ನೋಡ್ಬೇಕು. ಕೂಸ್ನ ಕರ್ಕಂಬರೋ ಕಾರು" ಅಂದ ಶಶಿ, ನಮ್ಮೂರಿನ ದಾರಿಗೆ ತಿರುಗಿಸಿದ.

"ಊರೊಳೀಕ್ ಬ್ಯಾಡ ಕಣ್ಲಾ! ಲೇ!"

ಊರೊಳಗೆ ಸಂಜೆಯ ಬಿಸಿಲು. ಮೇಲುಬೀದಿಯ ಜಗಲಿಗಳ ಮೇಲೆ ಜನ. ಪಟೇಲರ ಕಾರು ಕಂಡಿದ್ದೇ ಒಬ್ಬಿಬ್ಬರು ಎದ್ದು ನಿಂತರು. ಪಟೇಲರು ಯಾವಾಗಲೂ ಕೂರುವುದು ಮುಂದೆಯೇ. ಹಾಗಾಗಿ ಒಬ್ಬರು ಮುಂದಿನ ಕಿಟಕಿಗೆ ಬಗ್ಗಿ, ಎರಡೂ ಕೈ ಜೋಡಿಸಿ "ನಮಸ್ಕಾರ ಪಟೇಲ್ರೆ" ಅಂದರು.

ನೀಲಗಂಗಮ್ಮ ಗಾಜು ಇಳಿಸಿದಳು.

"ನಮಸ್ಕಾರ ಕಣಪ್ಪ. ಚೆಂದಾಕಿದ್ದೀಯಾ?"

ಜೋಡಿಸಿದ ಕೈ ಜೋಡಿಸಿದ ಹಾಗೇ ಉಳಿಯಿತು. ಪಟೇಲರು ಹಿಂದೆ ಜಾರಿ ಜಾರಿ, ತಲೆ ಕಿಟಕಿಯ ಕೆಳಕ್ಕೆ ಬರುವವರೆಗೂ ಜಾರಿದರು. ಮುಂದಿನ ಜಗಲಿ, ಅದರ ಮುಂದಿನ ಜಗಲಿ. ಅವಳು ಯಾರನ್ನೂ ಬಿಡಲಿಲ್ಲ. ಕೈ ಹೊರಗೆ ಚಾಚಿ, ಹೆಸರು ಹಿಡಿದು, ಮನೆಮಂದಿಯ ಕ್ಷೇಮ ವಿಚಾರಿಸುತ್ತಾ ಸಾಗಿದಳು.

"ಮನೆ ಬಂತು, ನಿಲ್ಸು. ಶೆಡ್ಡು ಉಳಿಯಕಿಲ್ಲ ಕಣ್ರಲಾ, ನೆಪ್ಪಿಟ್ಕಳಿ" ಅಂದರು ಪಟೇಲರು ಕೆಳಗಿನಿಂದಲೇ.

ಶೆಡ್ಡು ಉಳಿಯುತ್ತದೋ ಇಲ್ಲವೋ ನಮಗೂ ಗೊತ್ತಿರಲಿಲ್ಲ. ಶಶಿ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ನೀಲಗಂಗಮ್ಮನನ್ನು ನೋಡಿದೆ. ಅವಳು ಮುಂದಿನ ದಾರಿ ನೋಡುತ್ತಿದ್ದಳು.

"ಹಳ್ಳ ಜಾಸ್ತಿ ಇರೋದು ನಮ್ ಕೇರೀಲಿ ಅಲ್ವೇನ್ಲಾ ಮಗ? ನಡಿ ಮುಂದಕ್ಕೆ."

ಪಟೇಲರ ಮನೆ ಹಿಂದಕ್ಕೆ ಸರಿಯಿತು. ಕೇರಿಯ ಬಾಯಲ್ಲಿ ಮೊದಲ ಗುಂಡಿಗೆ ಕಾರು ಧಡಕ್ಕನೆ ಇಳಿದು ಎದ್ದಿತು. ಗುಡಿಸಲುಗಳಿಂದ ಹೆಂಗಸರು ಹೊರಗೆ ಬಂದರು, ಮಕ್ಕಳು ಕೇಕೆ ಹಾಕುತ್ತಾ ಓಡಿಬಂದು ಕಾರಿನ ಸುತ್ತ ಮುತ್ತಿದವು. ನೀಲಗಂಗಮ್ಮ ಸೀಟಿಗೆ ಬೆನ್ನು ಒತ್ತಿ ಇನ್ನೂ ನೆಟ್ಟಗೆ ಕೂತಳು.

"ಲೈಟು?"

"ಹತ್ತಿಲ್ಲ ಕಣ್ ದೊಡ್ಡವ್ವ."

"ಆದ್ರೂ ಯಾವ್ದಕ್ಕೂ ಇನ್ನೊಂದ್ ಸುತ್ತು ನೋಡನ. ಹಾರನ್ ಹೊಡಿ."