ಕೆಂಪು ಬೆಳಕಿನಲ್ಲಿ ಜಾನಮ್ಮ ಆರಿಸಿದ ನೂಲು

ಹೇಳಿದ್ದು ಒಂದಾದರೆ ಮಾಡುವುದು ಇನ್ನೊಂದು. ಇಂಥ ಮಕ್ಕಳು ಯಾವ ಬೀದಿಯಲ್ಲಿಲ್ಲ? ಕೊಯಮತ್ತೂರಿನ ಮಗ್ಗುಲಿನ ಸಿಂಗಾನಲ್ಲೂರಿನ ನೇಕಾರರ ಬೀದಿಯ ಜಾನಮ್ಮನನ್ನು ಕೇಳಿದ್ದರೆ, ಆ ಪೈಕಿ ಮೊದಲನೆಯವನು ತನ್ನ ಮೊಮ್ಮಗ ನವನೀತನ್ ಎಂದು ಹೇಳುತ್ತಿದ್ದಳು. ಮಗಳು ವಿಜಯಕುಮಾರಿ ಮಿಲ್ಲಿಗೆ ಹೋದ ಮೇಲೆ, ಮೂರನೆಯ ತರಗತಿಯ ಆ ಹುಡುಗನಿಗೆ ಅಜ್ಜಿಯ ಮಗ್ಗದ ಪಕ್ಕವೇ ಆಟದ ಬಯಲು. ಮಗ್ಗದ ಸದ್ದೆಂದರೆ ಅವನಿಗೆ ಪ್ರಾಣ.

ಜಗಳ ಹುಟ್ಟಿದ್ದು ಕಂಡಿಕೆಯಿಂದ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಸಣ್ಣ ಕಡ್ಡಿ ಅದು. ಅರಕ್ಕು ಬಣ್ಣದ್ದು, ಅಂದರೆ ಕಡುಗೆಂಪು ಕಂಡಿಕೆ ಕೊಡು ಎಂದು ಅಜ್ಜಿ ಕೈಚಾಚಿದರೆ ಹುಡುಗ ಕಡುಹಸಿರನ್ನು ಇಡುತ್ತಿದ್ದ. ಬೈದರೆ ಮರುದಿನವೂ ಅದೇ. ಮುತ್ತಾತನ ಕಾಲದಿಂದ ಬಣ್ಣ ಹೊಂದಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಮನೆಯಿದು. ಇಲ್ಲಿ ಹುಟ್ಟಿದವನಿಗೆ ಕೆಂಪು ಹಸಿರು ತಿಳಿಯದೆಂದರೆ ಯಾರು ನಂಬುತ್ತಾರೆ? ಬೇಕೆಂದೇ ಆಟ ಆಡಿಸುತ್ತಿದ್ದಾನೆಂದು ಜಾನಮ್ಮ ತೀರ್ಮಾನಿಸಿಬಿಟ್ಟಳು. ಒಂದು ದಿನ ತಡೆಯಲಾರದೆ ಕೆನ್ನೆಗೆ ಒಂದೇಟು ಬಿಟ್ಟಳು.

“ಎರಡೂ ಒಂದೇ ತರ ಐತೆ ಅಜ್ಜಿ. ನಾ ಸುಳ್ಳು ಹೇಳ್ತಿಲ್ಲ” ಎಂದ ಹುಡುಗ.

ಅಂದಿನಿಂದ ಅವನು ಮಗ್ಗದ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಕರೆದರೆ ಓಗೊಡಲಿಲ್ಲ. ಜಾನಮ್ಮನಿಗೆ ಒಳಗೊಳಗೇ ಸಂಕಟ. ಮೊಮ್ಮಗ ಪಕ್ಕದಲ್ಲಿಲ್ಲದ ಮಗ್ಗ ಅವಳಿಗೂ ಬೇಡವಾಗಿತ್ತು. ಆದರೆ ಸೋಲೊಪ್ಪುವ ಜಾಯಮಾನ ಅವಳದಲ್ಲ.

ಎರಡು ಮನೆ ಆಚೆ ಜಯಪ್ರಿಯಾ ಇದ್ದಾಳೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಭಾನುವಾರ ಬಂದರೆ ಬೀದಿಯ ಮಕ್ಕಳೆಲ್ಲ ಅವಳ ಜಗಲಿಯಲ್ಲಿ. ಬಿಸಿಲಿನಲ್ಲಿ ನೀರಿನ ತಟ್ಟೆಯಿಟ್ಟು, ಅದರೊಳಗೆ ಕನ್ನಡಿ ಓರೆ ಮಾಡಿ ಗೋಡೆಯ ಮೇಲೆ ಕಾಮನಬಿಲ್ಲು ಬೀಳಿಸುವುದು, ಬಣ್ಣ ಹಚ್ಚಿದ ರಟ್ಟಿನ ಬಿಲ್ಲೆ ತಿರುಗಿಸಿ ಬಣ್ಣಗಳೆಲ್ಲ ಮಾಯವಾಗುವುದನ್ನು ನೋಡುವುದು, ಇವೇ ಅಲ್ಲಿನ ಪಾಠ. ಅಂಥ ಒಂದು ಭಾನುವಾರ ನವನೀತನ್ ಮರದ ಎಲೆಗಳಿಗೆ ಕಂದು ಬಣ್ಣ ಹಚ್ಚಿದ್ದ. ಉಳಿದ ಮಕ್ಕಳು ಗೇಲಿ ಮಾಡಿದರು. ಜಯಪ್ರಿಯಾ ಗೇಲಿ ಮಾಡದೆ ಅವನ ಮುಂದೆ ಬಣ್ಣದ ಕಡ್ಡಿಗಳನ್ನು ಹರಡಿ ಒಂದೇ ಬಗೆಯವನ್ನು ಜೋಡಿಸಲು ಹೇಳಿದಳು. ನೀಲಿ, ಹಳದಿಗಳಲ್ಲಿ ತಪ್ಪಿಲ್ಲ. ಕೆಂಪು, ಹಸಿರು, ಕಂದು ಮಾತ್ರ ಒಂದೇ ಗುಂಪಾದವು. ಅವಳು ನೇರ ಜಾನಮ್ಮನ ಮನೆಗೆ ಬಂದಳು.

ಹುಡುಗನ ಕಣ್ಣು ಬೇರೆ ರೀತಿ ನೋಡುತ್ತಿರಬಹುದು ಎಂದದ್ದಕ್ಕೆ ಜಾನಮ್ಮ ಒಪ್ಪಲಿಲ್ಲ. ದೂರದ ಬಸ್ಸಿನ ಬೋರ್ಡು ಓದುವವನಿಗೆ ಕಣ್ಣಿನ ತೊಂದರೆಯೇ, ಎಂದು ತಿರುಗಿ ಕೇಳಿದಳು. ಜಯಪ್ರಿಯಾ ವಾದಕ್ಕೆ ನಿಲ್ಲಲಿಲ್ಲ. ಮಗ್ಗದ ಕೋಣೆಯ ಕಿಟಕಿ ಬಾಗಿಲು ಹಾಕಿಸಿ, ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದವನ್ನು ಮಡಿಸಿ ಮಡಿಸಿ ಕಟ್ಟಿದಳು. ಟಾರ್ಚ್ ಹಿಡಿಯಲು ನವನೀತನನ್ನೇ ಕರೆದಳು. ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು ಅವನು ಒಳಗೆ ಬಂದ. ಬೀದಿಯ ಮಕ್ಕಳೂ ನುಗ್ಗಿದರು.

“ಅತ್ತೆ, ಈ ಬುಟ್ಟಿಯಿಂದ ಕಪ್ಪು ಕಂಡಿಕೆ ಒಂದು, ಕೆಂಪು ಒಂದು ಎತ್ಕೊಡಿ” ಎಂದಳು ಜಯಪ್ರಿಯಾ.

ಇದೇನು ದೊಡ್ಡ ಕೆಲಸವೆಂದು ಜಾನಮ್ಮ ಠೀವಿಯಿಂದ ಎರಡನ್ನು ಎತ್ತಿ ಹಿಡಿದಳು. ಬಾಗಿಲು ತೆರೆದರು. ಹಗಲ ಬೆಳಕಿನಲ್ಲಿ ಅವಳ ಒಂದು ಕೈಯಲ್ಲಿದ್ದದ್ದು ಕಡುಹಸಿರು, ಇನ್ನೊಂದು ಕೈಯಲ್ಲಿದ್ದದ್ದು ಬಿಳಿ.

ಮಕ್ಕಳು ಗೊಳ್ಳೆಂದು ನಕ್ಕರು. ನವನೀತನ್ ಮಾತ್ರ ನಗಲಿಲ್ಲ. ತಪ್ಪು ಆರಿಸಿದವರನ್ನು ನೋಡಿ ಜನ ನಕ್ಕರೆ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು.

ಜಾನಮ್ಮ ಮತ್ತೆ ಬಾಗಿಲು ಹಾಕಿಸಿ ನೋಡಿದಳು. ಕಪ್ಪೂ ಹಸಿರೂ ಒಂದೇ, ಕೆಂಪೂ ಬಿಳಿಯೂ ಒಂದೇ. ಅವಳ ದನಿ ಇಳಿಯಿತು.

“ಕಣ್ಣು ಬಿಟ್ಕೊಂಡೇ ನೋಡಿದ್ನಲ್ಲ ಜಯಾ. ಇವ್ನಿಗೆ ಯಾವಾಗ್ಲೂ ಹಿಂಗೇನಾ?”

ಪೂರ್ತಿ ಹೀಗೇ ಅಲ್ಲ, ಆದರೆ ಗೊಂದಲ ಇಂಥದ್ದೇ ಎಂದು ಜಯಪ್ರಿಯಾ ಬಿಡಿಸಿ ಹೇಳಿದಳು. ಬಣ್ಣ ಬರೀ ನೂಲಿನಲ್ಲಿಲ್ಲ. ಬೆಳಕು ನೂಲಿನ ಮೇಲೆ ಬಿದ್ದು, ಅದರಲ್ಲಿ ಒಂದು ಪಾಲು ಕಣ್ಣಿಗೆ ಮರಳಿ ಬರುತ್ತದೆ. ಕೆಂಪು ಬೆಳಕಿನಲ್ಲಿ ಹಸಿರು ನೂಲಿಗೆ ಮರಳಿಸಲು ಏನೂ ಇಲ್ಲ, ಅದಕ್ಕೇ ಕಪ್ಪಾಗಿ ಕಾಣುತ್ತದೆ. ಬಿಳಿ ನೂಲು ಬಿದ್ದ ಕೆಂಪನ್ನೆಲ್ಲ ಮರಳಿಸಿ ಕೆಂಪಿನಂತೆಯೇ ಕಾಣುತ್ತದೆ. ಇಲ್ಲಿ ಕೆಟ್ಟದ್ದು ಬೆಳಕು. ನವನೀತನಿಗೆ ಬೆಳಕು ಸರಿಯಿದ್ದರೂ, ಬಣ್ಣ ಗುರುತಿಸುವ ಕಣ್ಣಿನ ಜೀವಕೋಶಗಳಲ್ಲಿ ಒಂದು ಬಗೆಯವು ಹುಟ್ಟಿನಿಂದಲೇ ಬೇರೆಯಾಗಿರಬಹುದು. ಗಂಡುಮಕ್ಕಳಲ್ಲಿ ಇದು ಹೆಚ್ಚು. ಮನೆಯ ಹೆಣ್ಣುಮಕ್ಕಳ ಮೂಲಕ ಇಳಿದು ಬರುತ್ತದೆ, ಹೆಚ್ಚಾಗಿ ಅವರಿಗೇ ಅದು ತಿಳಿದಿರುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.

“ನಿಮ್ಮ ಕಡೆ ಬೇರೆ ಯಾರಿಗಾದ್ರೂ ಹಿಂಗೆ ಇತ್ತಾ ಅತ್ತೆ?”

ಜಾನಮ್ಮ ಕಂಡಿಕೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದಳು.

ಆ ವಾರ ವಿಜಯಕುಮಾರಿ ರಜೆ ಹಾಕಿ ಮಗನನ್ನು ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಓದಿಸಿ ವೈದ್ಯರು ಅದೇ ಮಾತು ಹೇಳಿದರು. ಇದಕ್ಕೆ ಔಷಧಿಯಿಲ್ಲ. ಇದು ಹೆಚ್ಚಾಗುವುದೂ ಇಲ್ಲ, ಓದಿಗೆ ಅಡ್ಡಿಯೂ ಅಲ್ಲ. ರೈಲು ಓಡಿಸುವಂಥ ಕೆಲವು ಕೆಲಸ ಸಿಗಲಿಕ್ಕಿಲ್ಲ, ಅದು ಈಗಲೇ ತಿಳಿದಿರುವುದು ಒಳ್ಳೆಯದು. ರಸ್ತೆಯ ಸಿಗ್ನಲ್ ದೀಪದಲ್ಲಿ ಮೇಲಿನದು ನಿಲ್ಲು, ಕೆಳಗಿನದು ಹೋಗು ಎಂದು ಜಾಗ ನೋಡಿ ಕಲಿಸಿದರೆ ಸಾಕು.

ಮನೆಯಲ್ಲಿ ಈಗ ಕಂಡಿಕೆಯ ಡಬ್ಬಿಗಳ ಮೇಲೆ ಬಣ್ಣದ ಹೆಸರು ಬರೆದು ಅಂಟಿಸಿದ್ದಾರೆ. ಓದಿ ತೆಗೆದುಕೊಡುವವನು ನವನೀತನ್. ಓದಲು ಬಾರದ ಅಜ್ಜಿ ನೋಡಿ ತೆಗೆದುಕೊಳ್ಳುತ್ತಾಳೆ.

ಜಯಪ್ರಿಯಾಳ ಪ್ರಶ್ನೆಗೆ ಉತ್ತರ ವೆಳ್ಳಕೋಯಿಲ್ ಎಂಬ ಊರಿನಲ್ಲಿತ್ತು. ಅಲ್ಲಿ ದಿನಸಿ ಅಂಗಡಿ ಇಟ್ಟಿರುವ ತಿರುಮಲೈಸಾಮಿ ಜಾನಮ್ಮನ ತಮ್ಮ. ಚಿಕ್ಕಂದಿನಲ್ಲಿ, ಬಣ್ಣದ ನೂಲು ಬೆರೆಸಿ ಹಾಳು ಮಾಡುತ್ತಾನೆಂದು ಅಪ್ಪ ಅವನನ್ನು ಹೊಡೆದು ಮಗ್ಗದಿಂದ ಎಬ್ಬಿಸಿದ್ದ, ಆಗ ಅಕ್ಕನೂ ಕೂಡಿ ನಕ್ಕಿದ್ದಳು. ಒಂದು ಮಧ್ಯಾಹ್ನ ಅವಳು ಫೋನ್ ಮಾಡಿ ಮೊಮ್ಮಗನ ವಿಷಯವೆಲ್ಲ ಹೇಳಿದಳು.

“ನಾನೂ ಅದೇ ಹೇಳ್ದೆ ಅಕ್ಕಾ. ಎರಡೂ ಒಂದೇ ತರ ಐತೆ ಅಂತ. ಯಾರೂ ಕೇಳ್ಲಿಲ್ಲ.”

ಜಾನಮ್ಮ ಫೋನು ಹಿಡಿದುಕೊಂಡೇ ಅತ್ತಳು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲಿ ಒಂದು ಟಾರ್ಚ್ ಇದ್ದೇ ಇರುತ್ತದೆ. ಬಣ್ಣದ ಕಾಗದ ಕಟ್ಟಿ ಮಕ್ಕಳ ಜೊತೆ ನೀವೂ ಒಮ್ಮೆ ಕತ್ತಲ ಕೋಣೆಯಲ್ಲಿ ನೂಲು, ಬಟ್ಟೆ, ಹಣ್ಣು ಆರಿಸಿ ನೋಡಿ. ಬೆಳಕಿನ ಪಾಠ ಆಟದಲ್ಲೇ ಆಗುತ್ತದೆ. ಆಮೇಲೆ ಹಗಲ ಬೆಳಕಿನಲ್ಲಿ ಮಕ್ಕಳಿಗೆ ಬಣ್ಣ ಜೋಡಿಸಲು ಕೊಡಿ. ಯಾವ ಮಗುವಾದರೂ ಮತ್ತೆ ಮತ್ತೆ ತಪ್ಪಿದರೆ ಗದರಬೇಡಿ, ಶಾಲೆಯ ಟೀಚರಿಗೆ ತಿಳಿಸಿ, ಕಣ್ಣಿನ ವೈದ್ಯರಿಗೆ ತೋರಿಸಿ. ಕೈ ಎತ್ತುವ ಮೊದಲು ಆ ಮಗು ಹೇಳುವುದನ್ನು ನಂಬಿ. ತಿರುಮಲೈಸಾಮಿಗೆ ಈಗ ಅರವತ್ತು ದಾಟಿದೆ, ನಿಮ್ಮ ಮಗು ಅಷ್ಟು ಕಾಲ ಕಾಯುವುದು ಬೇಡ.