ಕಪಾಟಿನಲ್ಲಿರುವ ಹಸುವಿಗೆ ಸಬ್ಸಿಡಿ

೧

ಈ ಕತೆಯನ್ನು ಹಸುವಿನಿಂದ ಶುರು ಮಾಡಲೋ, ಕಪಾಟಿನಿಂದಲೋ? ಹಸುವಿನಿಂದ ಮಾಡಿದರೆ ನೀವು ಈಗಲೇ ಕರವಸ್ತ್ರ ಹುಡುಕುತ್ತೀರಿ. ಇರಲಿ, ಕಪಾಟೇ ಇರಲಿ.

ಕಪಾಟಿನೊಳಗೆ, ಮಡಿಸಿದ ಬಟ್ಟೆಗಳ ಕೆಳಗೆ, ಹಸುವಿನ ಹಳದಿ ಕಿವಿಯೋಲೆ ಇದೆ. ಸರ್ಕಾರ ನಂಬರು ಹಾಕಿ ಚುಚ್ಚಿದ ಪ್ಲಾಸ್ಟಿಕ್ಕು. ಅದು ಕಿವಿಯಲ್ಲಿದ್ದರೆ ಮಾತ್ರ ಮೇವಿನ ಸಬ್ಸಿಡಿ. ಬೇಲಿಗೆ ಸಿಕ್ಕಿ ಎಲ್ಲಿ ಕಳೆದುಹೋಗುತ್ತದೋ ಎಂದು ಭಾವ ಅದನ್ನು ಕತ್ತರಿಸಿ, ಜೋಪಾನವಾಗಿ ಎತ್ತಿಟ್ಟ. (ಭಾವ ಎಂದರೆ ಕಥಾನಾಯಕಿಯ ಗಂಡ. ಅವಳನ್ನು ನಾನು ಅಕ್ಕ ಎನ್ನುತ್ತೇನೆ. ಅವಳು ನನ್ನನ್ನು ಏನೆನ್ನುತ್ತಾಳೆ ಎನ್ನುವುದನ್ನು ಮುಂದೆ ನೋಡುವಿರಂತೆ.)

೨

ಪಶು ಇಲಾಖೆಯ ಇನ್‌ಸ್ಪೆಕ್ಟರು ಬಂದ. ಹಸುವಿನ ಕಿವಿ ನೋಡಿದ, ಮೊಬೈಲು ನೋಡಿದ.

"ಈ ಹಸು ಇಲ್ಲ," ಅಂದ.

"ನಿಮ್ಮ ಅಂಗಿ ನೆಕ್ತಾ ಇದೆಯಲ್ಲ ಸಾರ್," ಅಂದಳು ಅಕ್ಕ.

"ನೆಕ್ಕಲಿ ಬಿಡಮ್ಮ. ಓಲೆ ಎಲ್ಲಿದೆಯೋ ಹಸು ಅಲ್ಲಿ."

ಭಾವ ಕಪಾಟು ತೆರೆದ. ಇನ್‌ಸ್ಪೆಕ್ಟರು ಓಲೆಯ ಫೋಟೋ ತೆಗೆದು, 'ಗಾಳಿ ಬೆಳಕು ಸಾಲದು' ಎಂದು ಷರಾ ಬರೆದ.

"ಹೊಸ ಓಲೆ ಹಾಕ್ಬಿಡಿ ಸಾರ್."

"ಹೊಸ ಓಲೆ ಈಗ ಹುಟ್ಟಿದ ಕರುವಿಗೆ ಮಾತ್ರ. ಬೇಕಿದ್ರೆ ಇದನ್ನ ಕರು ಅಂತ ಬರೀತೀನಿ. ಆದ್ರೆ ಹಾಲು ಕೊಡಬಾರದು ಅಂತ ಅದಕ್ಕೆ ಹೇಳಿಡಿ."

ಅವನು ಹೋದ ಮೇಲೆ ಭಾವ ಕೈಚೆಲ್ಲಿದ. ಸಬ್ಸಿಡಿ ಇಲ್ಲದೆ ಮೇವಿಲ್ಲ, ಸಂಜೆ ದನದ ದಲ್ಲಾಳಿ ವ್ಯಾನು ತರುತ್ತಾನೆ, ಕೊಟ್ಟುಬಿಡೋಣ ಎಂದ. ಅಕ್ಕ ಹೋಗಿ ಹಸುವಿನ ಹಗ್ಗ ಹಿಡಿದು ನಿಂತಳು. ತಾಯಿ ಸತ್ತ ಕರುವಾಗಿದ್ದ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಹಸು ಮಾಡಿದವಳು ಅವಳೇ.

೩

ಮುಂದೆ ದಾರಿ ಕಾಣದೆ ನಾನು ಸುಲಭದ್ದನ್ನು ಬರೆದೆ: ಹಸು ಸತ್ತುಹೋಯಿತು. ಅಕ್ಕ ಕೊಟ್ಟಿಗೆಯ ಕಂಬಕ್ಕೆ ಒರಗಿ—

"ಏಯ್, ಯಾವನಯ್ಯಾ ನೀನು? ಸರ್ಕಾರ ಒಂದ್ಸಲ ಸಾಯಿಸಿದ್ದು ಸಾಲದಾ?"

"ಅಕ್ಕಾ, ದುರಂತ ಇದ್ರೆ ಅವಾರ್ಡ್ ಬರುತ್ತೆ."

"ಅವಾರ್ಡಿಗೆ ನಿನ್ನ ಮನೆ ಹಸು ಸಾಯಿಸ್ಕೋ ಹೋಗು."

(ನನ್ನ ಮನೆಯಲ್ಲಿರುವುದು ಬಾಲ್ಕನಿ.) ಡ್ರಾಫ್ಟು ಹರಿದೆ. ಹಸು ಎದ್ದು ಮೆಲುಕು ಹಾಕತೊಡಗಿತು.

೬

(ನಾಲ್ಕು, ಐದು ಮಂಜೂರಾತಿಗೆ ಹೋಗಿವೆ.)

ಬೇರೆ ಮುಕ್ತಾಯಗಳನ್ನು ಅಕ್ಕನ ಮುಂದಿಟ್ಟೆ. ಓಲೆಯನ್ನು ಗೋಂದಿನಲ್ಲಿ ಅಂಟಿಸುವುದು. "ಕಿವಿ ಒಂದ್ಸಲ ಕೊಡವಿದ್ರೆ ಆಯ್ತು," ಅಂದಳು. ಹಸುವನ್ನೇ ಕಪಾಟಿನೊಳಗೆ ನಿಲ್ಲಿಸುವುದು. ಭಾವ ಟೇಪು ತಂದು ಅಳೆದೇಬಿಟ್ಟ. ಕೊಂಬು ಹಿಡಿಸಲಿಲ್ಲ. ಮಂತ್ರಿಗಳೇ ಖುದ್ದಾಗಿ ಬಂದು ಕ್ಷಮೆ ಕೇಳುವುದು. "ಥೂ, ಕತೆ ಅಂತ ಗೊತ್ತಾಗ್ಬಿಡುತ್ತೆ."

ಆಮೇಲೆ ಅವಳು ದನಿ ತಗ್ಗಿಸಿದಳು.

"ತಮ್ಮಾ, ವ್ಯಾನು ಬರೋದು ಸಂಜೆಗೆ ತಾನೆ?"

"ಹೂಂ."

"ಸಂಜೆ ಮಾಡೋನು ನೀನೇ ತಾನೆ?"

ಇಷ್ಟು ವರ್ಷ ಕತೆ ಬರೆದಿದ್ದೇನೆ, ಯಾರೂ ನನ್ನನ್ನು ಹೀಗೆ ಬೇಡಿಕೊಂಡಿರಲಿಲ್ಲ. ಪೆನ್ನು ಕೆಳಗಿಟ್ಟೆ.

ಹಾಗಾಗಿ, ಓದುಗರೇ, ಈ ಕತೆಯಲ್ಲಿ ಇನ್ನೂ ಮಧ್ಯಾಹ್ನ. ಅಕ್ಕ ಹಸುವಿನ ಕತ್ತು ತುರಿಸುತ್ತಿದ್ದಾಳೆ, ಅದು ಕಣ್ಣು ಮುಚ್ಚಿ ನಿಂತಿದೆ. ದಾರಿಯಲ್ಲೆಲ್ಲೋ ದಲ್ಲಾಳಿ ಗಡಿಯಾರವನ್ನು ತಟ್ಟಿ ತಟ್ಟಿ ನೋಡುತ್ತಿದ್ದಾನೆ, ಮುಳ್ಳು ಜರುಗುತ್ತಿಲ್ಲ. ಮುಂದೇನಾಯಿತು ಎಂದು ಕೇಳಬೇಡಿ. ನಿಮ್ಮ ದಮ್ಮಯ್ಯ, ಪುಟ ತಿರುಗಿಸಬೇಡಿ.