ಸೀಟಿ ಕೇಳಿದರೆ ನಿಲ್ಲಬಾರದು

ಶವಪೆಟ್ಟಿಗೆಯ ಮೇಲಿಂದ ಕಿರಿಯ ಮಗಳನ್ನು ಆಚೆ ಬದಿಗೆ ದಾಟಿಸುವಾಗ ರೊವೆನಾಳ ಕೈ ಸೋತಿತು. ಆಚೆ ನಿಂತಿದ್ದ ಚಾರಿಂಗ್ ಅತ್ತೆ, ಸತ್ತವನ ಅಕ್ಕ, ಮಗುವನ್ನು ಗಬಕ್ಕನೆ ಹಿಡಿದುಕೊಂಡಳು. ಹೀಗೆ ದಾಟಿಸಿದರೆ ಅಜ್ಜ ಮೊಮ್ಮಕ್ಕಳ ಕನಸಿಗೆ ಬಂದು ಕಾಡುವುದಿಲ್ಲವಂತೆ. ಬದುಕಿದ್ದಾಗ ಅವಳ ಅಪ್ಪ ಕ್ರಿಸ್ಪುಲೊ ಕಾಡಿದ್ದೇನು ಕಡಿಮೆಯೇ?

"ಗಟ್ಟಿಯಾಗಿ ಹಿಡ್ಕೊಳ್ಳೇ. ಅವನ ಮೇಲೇ ಬೀಳಿಸ್ತಿದ್ಯಲ್ಲ," ಅಂದಳು ಅತ್ತೆ.

ಮನಿಲಾದ ಆ ಇಕ್ಕಟ್ಟು ಓಣಿಗೆ ಐದು ದಿನದಿಂದ ಶವದ ಜಾಗರಣೆಗೆ ಬಂದವರೆಲ್ಲ ಬಾಗಿಲ ಪಕ್ಕ ಅವನು ನೇತುಹಾಕಿದ್ದ ಐದು ಚೀಲಗಳನ್ನು ನೋಡಿ ತಲೆದೂಗಿದ್ದರು. ಒಂದೊಂದರಲ್ಲೂ ನೀರು, ಮೀನಿನ ಡಬ್ಬಿ, ಟಾರ್ಚು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಜನನ ಪತ್ರ. ಯಜಮಾನ ಅಂದರೆ ಹೀಗಿರಬೇಕು ಎಂದರು. ಪಕ್ಕದ ಮನೆಯ ದಾದೊಂಗ್ ಮಾತ್ರ ಕಣ್ಣೊರೆಸಿಕೊಂಡೇ ನಕ್ಕಿದ್ದ. "ದೊಡ್ಡ ಭೂಕಂಪಕ್ಕೆ ಕಾದೂ ಕಾದೂ ಬೇಜಾರಾಗಿ, ತಾನೇ ಹೊರಟುಬಿಟ್ಟ ನೋಡು."

ಹೇಗಾಯಿತು ಎಂದು ಯಾರಾದರೂ ಕೇಳಿದಾಗಲೆಲ್ಲ ರೊವೆನಾ ಅಮ್ಮನ ಮುಖ ನೋಡುತ್ತಿದ್ದಳು. ಅಮ್ಮ ಬೆಲೆನ್, ಹೃದಯ ನಿಂತಿತು ಅನ್ನುವಳು, ಅಷ್ಟೇ. ಅಂದಿನಿಂದ ಅವಳು ಮಗಳೊಡನೆ ಒಂದು ಮಾತೂ ಆಡಿರಲಿಲ್ಲ. ಅಪ್ಪನಂತೂ ಹೋದ, ಇನ್ನು ಅಮ್ಮನೂ ನನ್ನ ಪಾಲಿಗೆ ಹೋದಳೇ ಎಂಬ ದಿಗಿಲು ರೊವೆನಾಳಿಗೆ.

*

ಕ್ರಿಸ್ಪುಲೊ ಲಿಫ್ಟ್ ರಿಪೇರಿಯವನು. ಒಮ್ಮೆ ಭೂಮಿ ನಡುಗಿ, ಹದಿನಾಲ್ಕನೇ ಮಹಡಿಯಲ್ಲಿ ಕತ್ತಲೆಯ ಲಿಫ್ಟಿನೊಳಗೆ ಒಂಬತ್ತು ಗಂಟೆ ಸಿಕ್ಕಿಕೊಂಡಿದ್ದ. ಹೊರಗೆ ಬಂದವನ ತಲೆಗೆ ಹುಳ ಹೊಕ್ಕಿತು. ತಿಂಗಳಿಗೊಮ್ಮೆ, ಹೇಳದೆ ಕೇಳದೆ, ಭೂಕಂಪದ ಅಭ್ಯಾಸಕ್ಕೆಂದು ಮಾಳಿಗೆಯಿಂದ ಸೀಟಿ ಊದುವನು. ಕೇಳಿದ್ದೇ ತಡ, ಒಲೆ ಆರಿಸಿ, ಚೀಲ ಎತ್ತಿ, ಓಣಿಯಾಚೆಯ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಓಡಬೇಕು. ಅವನು ಕೊನೆಗೆ ಗಡಿಯಾರ ಹಿಡಿದು ಬಂದು, ಬೈದು, ಮನೆಗೆ ಕರೆತರುವನು. ಒಮ್ಮೆ ಬೆಲೆನ್ ಚಪ್ಪಲಿಗೆಂದು ಒಳಗೆ ಹೋದದ್ದಕ್ಕೆ ಮೂರು ದಿನ ಅವಳು ಬಡಿಸಿದ ಅನ್ನ ಮುಟ್ಟಿರಲಿಲ್ಲ.

"ಒಳಗೆ ಯಾರೇ ಉಳಿದಿರ್ಲಿ, ವಾಪಸ್ ಬರಬೇಡಿ. ನಾನು ಉಳಿದ್ರೂ ಅಷ್ಟೇ," ಅನ್ನುತ್ತಿದ್ದ.

ಕಳೆದ ಗುರುವಾರ ಮಧ್ಯಾಹ್ನ ರೊವೆನಾ ಒಣಮೀನು ಹುರಿಯುತ್ತಿದ್ದಳು. ಮೇಲಿಂದ ಸೀಟಿ ಕೇಳಿಸಿತು. ಎಂದಿನಷ್ಟು ಜೋರಿರಲಿಲ್ಲ, ಅರ್ಧಕ್ಕೇ ನಿಂತಿತು. ಈ ಮುದುಕನಿಗೆ ಊಟದ ಹೊತ್ತೂ ಇಲ್ಲವಲ್ಲ ಎಂದು ಗೊಣಗುತ್ತಲೇ ಒಲೆ ಆರಿಸಿ, ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಎಳೆದುಕೊಂಡು ಓಡಿದಳು. ಎರಡೇ ನಿಮಿಷಕ್ಕೆ ಅಂಗಳ ಮುಟ್ಟಿದರು. ಅಷ್ಟು ಬೇಗ ಅವರು ಎಂದೂ ಮುಟ್ಟಿರಲಿಲ್ಲ. ಬಿಸಿಲಲ್ಲಿ ನಿಂತರು. ಅವನು ಬರಲಿಲ್ಲ.

"ನಾ ಹೋಗಿ ನೋಡ್ತೀನಿ," ಅಂದಳು ಬೆಲೆನ್.

ರೊವೆನಾ ಅವಳ ಮಣಿಕಟ್ಟು ಹಿಡಿದಳು. "ಸುಮ್ನಿರಮ್ಮ. ಅಪ್ಪ ಕಿಟಕೀಲಿ ನೋಡ್ತಾ ಇರ್ತಾನೆ. ನೀ ಹೋದ್ರೆ ಎಲ್ರನ್ನೂ ಮತ್ತೆ ಮೊದಲಿಂದ ಓಡಿಸ್ತಾನೆ."

ಬೆಲೆನ್ ಎರಡು ಸಲ ಕೈ ಕೊಸರಿದಳು. ರೊವೆನಾ ಬಿಡಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಎಲ್ಲರೂ ಹಿಂದಿರುಗಿದರು. ಅವನು ಮೆಟ್ಟಿಲ ಮೇಲ್ತುದಿಯಲ್ಲಿ ಬಿದ್ದಿದ್ದ, ಸೀಟಿ ಹಲ್ಲಿನ ನಡುವೆಯೇ ಇತ್ತು. ಮೈ ಇನ್ನೂ ಬೆಚ್ಚಗಿತ್ತು. ಸ್ವಲ್ಪ ಮೊದಲು ತಂದಿದ್ದರೆ ಉಳಿಯುತ್ತಿದ್ದ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಂದು ಅವನು ಊದಿದ್ದು ಓಡಿ ಎಂದಲ್ಲ, ಬನ್ನಿ ಎಂದು.

*

ಮಣ್ಣು ಮಾಡಿ ಹಿಂದಿರುಗುವಾಗ ಚಾರಿಂಗ್ ಅತ್ತೆ ಬಾಡಿಗೆ ಜೀಪನ್ನು ಓಣಿಯ ತಿರುವಿನ ಬೇಕರಿಯ ಮುಂದೆ ನಿಲ್ಲಿಸಿದಳು. ಸ್ಮಶಾನದಿಂದ ನೆಟ್ಟಗೆ ಮನೆಗೆ ಹೋಗಬಾರದು. ಎಲ್ಲಾದರೂ ಇಳಿದು, ಏನಾದರೂ ತಿಂದು, ಬೆನ್ನು ಹತ್ತಿ ಬಂದ ಸತ್ತವನಿಗೆ ದಾರಿ ತಪ್ಪಿಸಬೇಕು. ಎಲ್ಲರೂ ಇಳಿದು ಬನ್ ಕೊಳ್ಳಲು ಸಾಲು ನಿಂತರು. ರೊವೆನಾ ಮಕ್ಕಳನ್ನು ಅತ್ತೆಗೆ ಒಪ್ಪಿಸಿ ಮನೆಯ ಕಡೆಗೆ ತಿರುಗಿದಳು.

"ತಲೆಗಿಲೆ ಕೆಟ್ಟಿದ್ಯಾ? ನೆಟ್ಟಗೆ ಹೋದ್ರೆ ಅವನೂ ನಿನ್ನ ಹಿಂದೇನೇ ಬರ್ತಾನೆ."

"ಬರ್ಲಿ ಅತ್ತೆ. ಕರೆದಾಗ ಬಿಟ್ಟು ಓಡಿದ್ದೀವಿ. ಇವತ್ತೂ ದಾರೀಲಿ ಬಿಟ್ಟು ಹೋಗ್ಲಾ?"

ರೊವೆನಾ ಅಳುತ್ತಲೇ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಹೆಜ್ಜೆ ಸದ್ದಾಯಿತು. ಬೆಲೆನ್. ಮಗಳ ಮುಖ ನೋಡದೆ ಅವಳನ್ನು ದಾಟಿ, ಮುಂದೆ ಹೋಗಿ, ಮನೆಯ ಬೀಗ ತೆಗೆದಳು.

ಆದರೆ ಒಳಗೆ ಹೋಗಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು, ಒಬ್ಬರು ಹೋಗುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ರೊವೆನಾ ಇನ್ನೊಂದು ಪಕ್ಕಕ್ಕೆ ನಿಂತಳು. ಸಂಜೆಯ ಸೊಳ್ಳೆಗಳು ಗುಂಪುಗುಂಪಾಗಿ ಒಳಗೆ ನುಗ್ಗುತ್ತಿದ್ದವು. ಇಬ್ಬರೂ ಬಾಗಿಲು ಮುಚ್ಚಲಿಲ್ಲ.